ಕೈ ಹಾಕದ ಶೈಲಜಮ್ಮ

ಶೈಲಜಮ್ಮನವರ ತುರುಬಿನಲ್ಲಿ ಸದಾ ಒಂದು ಟೆಸ್ಟರ್ ಸಿಕ್ಕಿಸಿರುತ್ತಿತ್ತು. ಕರೆಂಟು ಇದೆಯೋ ಇಲ್ಲವೋ ನೋಡುವ, ಹಳದಿ ಹಿಡಿಯ ಸಾಧಾರಣ ಟೆಸ್ಟರ್. ಶುಕ್ರವಾರಗಳಲ್ಲಿ ಅದರ ಸುತ್ತ ಒಂದು ಮೊಳ ಮಲ್ಲಿಗೆಯೂ ಬಳಸಿಕೊಂಡಿರುತ್ತಿತ್ತು. ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಕನ್ನಡ ಪಂಡಿತನಾಗಿ ಸೇರಿದ ೧೯೭೬ರಲ್ಲಿ ಆಕೆಯನ್ನು ಮೊದಲು ಕಂಡದ್ದು ಹಿಂದಿನಿಂದ. ಕೇಶಾಲಂಕಾರದ ಬಗ್ಗೆ ಕಾವ್ಯಗಳಲ್ಲಿ ಓದಿದ್ದೆಲ್ಲ ನೆನಪಾಗಿ, ಎಲ್ಲಿಯೂ ಈ ಆಭರಣದ ಪ್ರಸ್ತಾಪವಿಲ್ಲವಲ್ಲ ಎಂಬ ಕುತೂಹಲದಿಂದ ಸ್ಟಾಫ್ ರೂಮಿನವರೆಗೂ ಹಿಂಬಾಲಿಸಿದ್ದೆ.

ಮಾಮೂಲ್‌ಪೇಟೆಯ ವ್ಯಾಪಾರಸ್ಥರ ಮನೆಯ ಮಗಳು, ವಿಜ್ಞಾನದ ಮೇಡಂ. ಗಿಡ್ಡ ಆಳು, ಬಿರುಸು ನಡಿಗೆ. ಯಾರು ಏನು ಕೇಳಿದರೂ "ಯಾಕಿರಬಹುದು?" ಎಂದು ತಿರುಗಿ ಕೇಳಿ, ಉತ್ತರಕ್ಕೂ ನಿಲ್ಲದೆ ಹೊರಟುಹೋಗುವ ಒಂದು ಅಸಾಧ್ಯ ಅಭ್ಯಾಸ. ಇದಕ್ಕಿಂತ ಅಸಾಧ್ಯವಾದದ್ದು ಇನ್ನೊಂದಿತ್ತು. ಹುಡುಗಿಯರು ಏನನ್ನಾದರೂ ಬಿಚ್ಚುವಾಗ, ಜೋಡಿಸುವಾಗ ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಳ್ಳನನ್ನು ಹಿಡಿದ ಪೊಲೀಸಿನವನ ಹಾಗೆ ತಮ್ಮ ಬಲಗೈಯನ್ನು ತಾವೇ ಎಡಗೈಯಿಂದ ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದರು. ಇನ್ನೊಬ್ಬರು ಕಟ್ಟಿದ ಯಂತ್ರಕ್ಕೆ ಕೈ ಹಾಕಬಾರದೆಂಬುದು ಅವರ ವ್ರತ.

ಈ ವ್ರತದ ಬಿಸಿ ನನಗೂ ತಟ್ಟಿತ್ತು. ನನ್ನ ಟ್ರಾನ್ಸಿಸ್ಟರ್ ರೇಡಿಯೋ ಒಮ್ಮೆ ಬಾಯಿ ಕಟ್ಟಿದಾಗ, ಸಹೋದ್ಯೋಗಿಯ ಸಲುಗೆಯಿಂದ ಅವರ ಮುಂದೆ ಇಟ್ಟೆ. ಅವರು ರೇಡಿಯೋವನ್ನು ನೋಡಲೂ ಇಲ್ಲ, ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು.

"ರಿಪೇರಿ ಆಗ್ಬೇಕು ಅಂದ್ರೆ ಅಂಗಡಿಗೆ ಕೊಡಿ ಪಂಡಿತರೇ. ಇಲ್ಲಿಗೆ ತಂದ್ರೆ ನೀವೇ ಬಿಚ್ಬೇಕು."

ಮೂರು ಸಂಜೆ ಒದ್ದಾಡಿದೆ. ಸೆಲ್ಲಿನ ಬುಡದ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು, ಅಷ್ಟೇ. ಅದು ಮತ್ತೆ ಗೊರಗೊರ ಎಂದಾಗ ನನಗಾದ ಹೆಮ್ಮೆಯನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ.

ಶನಿವಾರ ಶಾಲೆ ಬಿಟ್ಟ ಮೇಲೆ ಹಿಂಬದಿಯ ಒಂದು ಕೋಣೆಯಲ್ಲಿ ಅವರ ಹವ್ಯಾಸ ತರಗತಿ ನಡೆಯುತ್ತಿತ್ತು. ಎಸ್.ಪಿ. ರೋಡಿನ ಗುಜರಿಯಲ್ಲಿ ಆರಿಸಿ ತಂದ ಟೇಪ್‌ರೆಕಾರ್ಡರ್ ಮೋಟಾರು, ಸೈಕಲ್ ಕಡ್ಡಿ, ಡಬ್ಬದ ತಗಡು, ಇವುಗಳಿಂದ ಹುಡುಗಿಯರು ತಾವಾಗಿ ತಿರುಗಿ ತಾವಾಗಿ ನಿಲ್ಲುವ ಸಾಧನಗಳನ್ನು ಕಟ್ಟುತ್ತಿದ್ದರು. ಇಂಥ ವಿದ್ಯೆಗೆ ಈಗ ಮೆಕಾಟ್ರಾನಿಕ್ಸ್ ಎನ್ನುತ್ತಾರಂತೆ. ಆಗ ಶೈಲಜಮ್ಮ ಒಂದು ಕನ್ನಡ ಹೆಸರು ಕೊಡಿ ಎಂದು ನನ್ನನ್ನು ಕೇಳಿದ್ದರು. ನಾನು ಎರಡು ದಿನ ನಿಘಂಟು ತಿರುವಿ 'ಯಂತ್ರವಿದ್ಯುತ್ಸಮನ್ವಯ' ಎಂದು ಸಿದ್ಧಪಡಿಸಿಕೊಟ್ಟೆ. ಹುಡುಗಿಯರು ಅದನ್ನು ಹೇಳಲು ಹೋಗಿ ಅರ್ಧದಲ್ಲೇ ಉಸಿರು ಕಟ್ಟಿ ನಕ್ಕರು. ಶೈಲಜಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ತಿರುಗೋದು, ತಿಳಿಯೋದು' ಎಂದು ಬರೆದುಬಿಟ್ಟರು. ನನಗೆ ಮುಖಭಂಗವಾಯಿತು, ಆದರೆ ಹೆಸರು ಸರಿಯಾಗಿತ್ತು.

೧೯೭೯ರಲ್ಲಿ ಆ ಕೋಣೆಗೇ ಸಂಚಕಾರ ಬಂತು. ಯಾರೋ ಪುಣ್ಯಾತ್ಮರು ಶಾಲೆಗೆ ಹೊಲಿಗೆ ಯಂತ್ರಗಳನ್ನು ದಾನವಾಗಿ ಕೊಟ್ಟಿದ್ದರು. ಅವನ್ನಿಡಲು ಬೇರೆ ಜಾಗವಿರಲಿಲ್ಲ. ಹೆಡ್‌ಮಾಸ್ಟರ್ ಶ್ರೀನಿವಾಸಯ್ಯನವರು ಕೆಟ್ಟವರೇನಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಬರುವ ಇಲಾಖೆಯ ಸಾಹೇಬರು ಮೆಚ್ಚಿ ಒಂದು ಮಾತು ಬರೆದರೆ ಕೋಣೆ ಶೈಲಜಮ್ಮನವರಿಗೇ ಉಳಿಯಲಿ, ಇಲ್ಲದಿದ್ದರೆ ಹೊಲಿಗೆಗೆ ಹೋಗಲಿ ಎಂದು ತೀರ್ಮಾನಿಸಿದ್ದರು.

ಸಾಹೇಬರ ಮುಂದಿಡಲು ಆರಿಸಿದ್ದು ಒಂಬತ್ತನೇ ತರಗತಿಯ ಮಹಾನಂದಳ ಯಂತ್ರ. ಕೆಳಗೆ ಬಕೆಟ್ಟು, ಮೇಲೆ ಗಾಜಿನ ಜಾಡಿ. ಜಾಡಿಯ ನೀರು ಇಳಿದರೆ ತೇಲುವ ಚೆಂಡೂ ಇಳಿದು, ಎರಡು ಹಿತ್ತಾಳೆ ಪಟ್ಟಿಗಳು ಒಂದಕ್ಕೊಂದು ತಾಗಿ, ಪುಟ್ಟ ಪಂಪು ತಾನಾಗಿ ಓಡಬೇಕು. ತುಂಬಿದರೆ ಚೆಂಡು ಮೇಲೇರಿ ಪಟ್ಟಿಗಳನ್ನು ಬಿಡಿಸಿ ನಿಲ್ಲಿಸಬೇಕು. ಹಿಂದಿನ ಸಂಜೆ ಹತ್ತು ಸಲ ಓಡಿ ಹತ್ತು ಸಲ ನಿಂತಿತ್ತು. ಸೆಲ್ಲು ಖಾಲಿಯಾದೀತೆಂದು ಬೆಳಿಗ್ಗೆ ಮತ್ತೆ ಓಡಿಸಿ ನೋಡಲಿಲ್ಲ.

ಸಾಹೇಬರು ಬಂದರು. ಮಹಾನಂದ ಜಾಡಿಯ ನೀರನ್ನು ಮೊಗೆದು ತೆಗೆದಳು. ಚೆಂಡು ಇಳಿಯಿತು, ಪಟ್ಟಿಗಳು ತಾಗಿದವು, ಪಂಪು ಮಾತ್ರ ಅಲುಗಲಿಲ್ಲ. ಹುಡುಗಿ ಮೇಡಂ ಕಡೆ ತಿರುಗಿ ನೋಡಿದಳು. ಶೈಲಜಮ್ಮನವರ ಕೈಗಳು ಆಗಲೇ ಬೆನ್ನ ಹಿಂದೆ ಹೋಗಿದ್ದವು.

ಶ್ರೀನಿವಾಸಯ್ಯನವರು ಹತ್ತಿರ ಬಂದು ಪಿಸುಗುಟ್ಟಿದರು. "ನೀವೇ ಒಂದು ಕೈ ಹಾಕ್ರಮ್ಮಾ. ರೂಮು ಹೋಗ್ಬಿಡುತ್ತೆ."

"ಮಿಷೀನು ಅವಳದ್ದು ಸಾರ್. ಅವಳೇ ನೋಡ್ತಾಳೆ."

ಮಹಾನಂದ ಸೆಲ್ಲು ತೆಗೆದು ಹಾಕಿದಳು, ವೈರುಗಳನ್ನು ಎಳೆದು ನೋಡಿದಳು. ಸಾಹೇಬರು ಗಡಿಯಾರ ನೋಡಿಕೊಂಡು, "ಪ್ರಯತ್ನ ಚೆನ್ನಾಗಿದೆ" ಎಂದು ಹೇಳಿ ಕಸೂತಿಯ ಮೇಜಿನ ಕಡೆಗೆ ನಡೆದರು. ಅವರ ಹಿಂದೆ ಹೆಡ್‌ಮಾಸ್ಟರೂ ಉಳಿದ ಪರಿವಾರದವರೂ ಹೋದರು. ನನಗೆ ಶೈಲಜಮ್ಮನವರನ್ನು ಹಿಡಿದು ಅಲುಗಾಡಿಸುವಷ್ಟು ಕೋಪ ಬಂದಿತ್ತು.

ಹುಡುಗಿ ಬಿಡಲಿಲ್ಲ. ಕಣ್ಣೊರೆಸಿಕೊಂಡು ಒಂದು ತುಂಡು ವೈರನ್ನು ಎರಡೂ ಪಟ್ಟಿಗಳ ಬುಡಕ್ಕೆ ಸೇರಿಸಿ ಹಿಡಿದಳು, ಪಂಪು ತಿರುಗಿತು. ಹಾಗಾದರೆ ಮೋಟಾರು ಸರಿ, ಸೆಲ್ಲು ಸರಿ, ತಪ್ಪಿರುವುದು ಪಟ್ಟಿಗಳು ತಾಗುವ ಕಡೆ. ಬಗ್ಗಿ ನೋಡಿದಳು. ಅಲ್ಲಿ ಮೂರೆಳೆ ವಿಭೂತಿಯಿತ್ತು. ಬೆಳಿಗ್ಗೆ ತಾನೇ, ಮನೆಯಿಂದ ತಂದು, ನೀರಿನಲ್ಲಿ ಕಲಸಿ, ಒಳ್ಳೆಯದಾಗಲಿ ಎಂದು ಹಚ್ಚಿದ್ದು. ಇಡೀ ಯಂತ್ರದಲ್ಲಿ ದೇವರ ಮನೆಯ ದೀಪದ ಹಾಗೆ ಹೊಳೆಯುತ್ತಿದ್ದದ್ದು ಆ ಹಿತ್ತಾಳೆಯೊಂದೇ ಆದ್ದರಿಂದ ಅದಕ್ಕೇ ಹಚ್ಚಿದ್ದಳು. ಒಣಗಿದ ವಿಭೂತಿ ಕರೆಂಟನ್ನು ದಾಟಲು ಬಿಟ್ಟಿರಲಿಲ್ಲ. ನಾವೆಲ್ಲರೂ ಆ ಬಿಳಿ ಗೆರೆಗಳನ್ನು ನೋಡಿದ್ದೆವು. ವಿಭೂತಿ ಎಲ್ಲಿದ್ದರೂ ಅದು ಇರಬೇಕಾದದ್ದೇ ಎಂದು ನಮ್ಮ ಕಣ್ಣಿಗೆ ರೂಢಿಯಾಗಿತ್ತು.

ಒರೆಸಲು ಅವಳಿಗೆ ಮನಸ್ಸು ಬರಲಿಲ್ಲ. ಒಂದು ಗಳಿಗೆ ಯೋಚಿಸಿ, ಒದ್ದೆ ಬೆರಳಿನಿಂದ ಪೂರ್ತಿ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು. ಪಂಪು ಓಡಿತು, ಜಾಡಿ ತುಂಬಿತು, ನಿಂತಿತು. ನೋಡಲು ನಾವಿಬ್ಬರೇ ಇದ್ದೆವು.

ಸಾಮಾನು ಕಟ್ಟುವಾಗ ಸಮಾಧಾನ ಹೇಳಲು ಹೋದೆ. "ಪಾಪ, ನಿಮಗೂ ಹೊಳೀಲಿಲ್ಲ ನೋಡಿ."

"ಬೆಳಗ್ಗೇನೇ ನೋಡಿದ್ದೆ ಪಂಡಿತರೇ. ಅವಳು ಕಣ್ಮುಚ್ಕೊಂಡು ಹಚ್ತಿದ್ದಾಗ ಬಾಗಿಲಲ್ಲೇ ನಿಂತಿದ್ದೆ."

"ಒಂದು ಮಾತು ಹೇಳಿದ್ರೆ ರೂಮು ಉಳೀತಿತ್ತಲ್ರೀ!"

"ಉಳೀತಿತ್ತು." ಅವರ ಕಣ್ಣು ತುಂಬಿತ್ತು. "ಬಾಯಿ ತನಕ ಬಂದಿತ್ತು. ಹೇಳಿದ್ದಿದ್ರೆ ಅಲ್ಲಿ ವಿಭೂತಿ ಹಚ್ಬಾರದು ಅಂತ ಮಾತ್ರ ಕಲ್ತಿರೋಳು."

ಕೋಣೆ ಹೊಲಿಗೆಗೆ ಹೋಯಿತು. ತರಗತಿ ಅವರ ಮನೆಯ ಇಕ್ಕಟ್ಟಾದ ವೆರಾಂಡಾಕ್ಕೆ ಬಂತು. ಕೋಣೆಯಲ್ಲಿ ಮೂವತ್ತು ಹುಡುಗಿಯರು ಹಿಡಿಯುತ್ತಿದ್ದರು, ಇಲ್ಲಿ ಎಂಟೇ ಮಂದಿ. ಆಕೆ ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ ಇಂದಿಗೂ ಖಚಿತವಾಗಿ ಹೇಳಲಾರೆ. ಕಳೆದುಹೋದ ಇಪ್ಪತ್ತೆರಡು ಹುಡುಗಿಯರ ಲೆಕ್ಕ ನನ್ನ ಮನಸ್ಸಿನಿಂದ ಹೋಗಿಲ್ಲ.

ಆದರೂ ಆ ಪ್ರದರ್ಶನದ ಮುಂದಿನ ವಾರವೇ ನನ್ನ ತರಗತಿಯಲ್ಲೊಂದು ಪರೀಕ್ಷೆ ಮಾಡಿಕೊಂಡೆ. ಒಬ್ಬ ಹುಡುಗಿಗೆ ಒಂದು ಪದ ಕೊಟ್ಟು ಸಂಧಿ ಬಿಡಿಸಲು ಹೇಳಿ, ಉತ್ತರ ಹೇಳಿಕೊಡದೆ ನಿಂತೆ. ಅವಳ ತುಟಿ ಅಲುಗುತ್ತಿತ್ತು, ಇನ್ನೇನು ಸಿಕ್ಕಿಬಿಡುತ್ತಿತ್ತೇನೋ. ನನ್ನಿಂದ ಅರ್ಧ ನಿಮಿಷವೂ ತಡೆಯಲಾಗದೆ ನಾನೇ ಹೇಳಿಬಿಟ್ಟೆ. ಅವಳು ಬರೆದುಕೊಂಡು ಕುಳಿತಳು. ತಿಳಿದದ್ದನ್ನು ಹೇಳುವ ನನ್ನಂಥವರು ಊರ ತುಂಬ ಇದ್ದೇವೆ, ಶಾಲು ಹಾರಗಳೂ ನಮಗೇ ಸಲ್ಲುತ್ತವೆ. ತಿಳಿದೂ ಬಾಯಿ ಬಿಡದೆ, ಅದರ ನಷ್ಟವನ್ನು ತಾವೇ ಹೊತ್ತು, ಎದುರಿಗಿರುವ ಮಗು ಕಂಡುಕೊಳ್ಳುವವರೆಗೆ ಕಾಯುವವರು ಅಲ್ಲೊಬ್ಬರು ಇಲ್ಲೊಬ್ಬರು. ಅವರು ಪಾಠ ಮಾಡುತ್ತಿರುವಾಗ ನೋಡಿದವರಿಗೆ, ಅವರು ಸುಮ್ಮನೆ ನಿಂತಿರುವಂತೆ ಕಾಣುತ್ತದೆ.