ಮೂರು ಚುಕ್ಕೆ

ನಲವತ್ತು ಪ್ಲೇಟೂ ವಾಪಸ್ ಬಂದವು. ಗಾಲಿಕುರ್ಚಿಗೆ ಹಾಕುವ ಪ್ಲೇಟುಗಳು. ಬೋಲ್ಟು ಬಿಗಿದರೆ ಅದು ನೆಟ್ಟಗೆ ನಿಲ್ಲದೆ ಎಡಕ್ಕೆ ವಾಲುತ್ತಿತ್ತು. ಒಂದೊಂದರ ಮೂಲೆಯಲ್ಲೂ ಎರಡು ಚುಕ್ಕೆ, ನನ್ನ ಗುರುತು. ಮಾವನ ವರ್ಕ್‌ಶಾಪಿನಲ್ಲಿ ಪ್ಲೇಟಿನ ತೂತಿಗೆ ಬೋಲ್ಟು ಕೂರುವ ಥ್ರೆಡ್ ಯಾರು ಕೊರೆದರೋ ಅವರೇ ಪಂಚಿನಿಂದ ತಮ್ಮ ಗುರುತು ಹೊಡೆಯಬೇಕು. ನನ್ನದು ಎರಡು, ನನ್ನ ಗಂಡನ ಅಣ್ಣನದು ಮೂರು. ಭಾವನ ಮೂರು ಚುಕ್ಕೆ ಕಂಡು ವರ್ಷಗಳೇ ಆಗಿವೆ. ಅವರದು ಬರೀ ಮೇಲ್ವಿಚಾರಣೆ.

"ನಾಳೆಯಿಂದ ನೀನು ಪ್ಯಾಕಿಂಗಿಗೆ ಹೋಗು," ಎಂದರು ಭಾವ. "ಈ ಕೆಲಸ ನಿನ್ನ ಕೈಲಾಗಲ್ಲ."

ಮೈಯೆಲ್ಲ ಉರಿಯಿತು. ಆರು ವರ್ಷ ಆ ಕೈಮೆಷಿನ್ನಿನ ಹಿಡಿ ತಿರುಗಿಸಿದ್ದೇನೆ. ಪ್ಲೇಟನ್ನು ಅದರ ಪೀಠದ ಮೇಲಿಟ್ಟು ಹಿಡಿ ತಿರುಗಿಸಿದರೆ ಸಾಕು, ಮೆಷಿನ್ನಿನ ಕಂಬವೇ ಥ್ರೆಡ್ ಕೊರೆಯುವ ಟ್ಯಾಪನ್ನು ನೆಟ್ಟಗೆ ಇಳಿಸುತ್ತದೆ. ಕೈ ಸೊಟ್ಟಗಾಗಲು ಅಲ್ಲಿ ಜಾಗವೇ ಇಲ್ಲ.

"ಹೋದ ವಾರ ನೀವು ಈ ಪೀಠದ ಮೇಲೇ ಗೇಟಿನ ಚಿಲಕ ಇಟ್ಟು ಬಡಿದ್ರಿ. ಏಟು ಬಿದ್ದ ಕಡೆ ಅಂಚು ಎದ್ದಿದೆ, ಪ್ಲೇಟು ಸಮ ಕೂರಲ್ಲ. ಆವತ್ತೇ ಹೇಳ್ದೆ. ಆರ್ಡರ್ ತಡ ಆಗುತ್ತೆ, ಸುಮ್ನೆ ತಿರುಗಿಸು ಅಂದ್ರಿ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಭಾವ ನಕ್ಕರು. ಮಾವ ಕನ್ನಡಕ ಒರೆಸುತ್ತಾ ನಿಂತಿದ್ದರು.

"ಹಾಗಾದ್ರೆ ನೀವೇ ಕುಣಿದು ತೋರಿಸಿ," ಎಂದೆ. ದನಿ ಏರಿತ್ತು, ಏರಲಿ.

ಭಾವ ತೋಳೇರಿಸಿದರು. ಹೊಸ ಪ್ಲೇಟು ಇಟ್ಟು, ಎಣ್ಣೆ ಹನಿಸಿ, ಥ್ರೆಡ್ ಕೊರೆದರು. ನಾನು ಬೋಲ್ಟು ಬಿಗಿದು ಪಕ್ಕಕ್ಕೆ ಮೂಲೆಮಟ್ಟ ಹಿಡಿದೆ. ನಡುವೆ ಬೆಳಕು ಇಣುಕಿತು. ಬೋಲ್ಟು ಎಡಕ್ಕೇ ವಾಲಿತ್ತು, ನನ್ನ ನಲವತ್ತರ ಹಾಗೆಯೇ.

ಮಾವ ಬಗ್ಗಿ ಪೀಠದ ಮೇಲೆ ಬೆರಳಾಡಿಸಿದರು. ಎದ್ದ ಅಂಚು ಬೆರಳಿಗೆ ಸಿಕ್ಕಿತು. ಆಮೇಲೆ ಅವರು ಹೇಳಿದ್ದೇನು?

"ಹೋಗ್ಲಿ ಬಿಡಮ್ಮ. ಪೀಠ ಉಜ್ಜಿಸೋಣ. ಇದು ನಮ್ಮನಮ್ಮಲ್ಲೇ ಇರಲಿ."

ನನ್ನ ತಪ್ಪಾದರೆ ಊರಿಗೆಲ್ಲ, ಮಗನ ತಪ್ಪಾದರೆ ನಮ್ಮನಮ್ಮಲ್ಲೇ. ಹೆತ್ತವರಿಗೆ ಹೆಗ್ಗಣ ಮುದ್ದು, ಅದು ಮೆಷಿನ್ನನ್ನೇ ಕಡಿದು ಹಾಕಿದರೂ.

ಆ ಪ್ಲೇಟನ್ನು ಗುಜರಿ ಡಬ್ಬಕ್ಕೆ ಹಾಕಲು ಭಾವ ಕೈ ಚಾಚಿದರು. ಅಷ್ಟರಲ್ಲಿ ನಾನು ಎತ್ತಿಕೊಂಡೆ. ಮೂಲೆಗೆ ಪಂಚು ಇಟ್ಟು, ಚಿಲಕ ಬಡಿದ ಅದೇ ಸುತ್ತಿಗೆಯಿಂದ ಹೊಡೆದೆ. ಒಂದು, ಎರಡು, ಮೂರು. ವಾಪಸ್ ಬಂದ ರಾಶಿಯ ಮೇಲೆ ಅದನ್ನೂ ಇಟ್ಟೆ.

"ನಲವತ್ತೊಂದಾಯ್ತು," ಎಂದೆ. "ಈಗ ಹೇಳಿ ಮಾವ, ನಾಳೆ ಪ್ಯಾಕಿಂಗಿಗೆ ಯಾರು ಹೋಗಬೇಕು?"