ಈದ್ಸ್ ಆಫ್ ಮಾರ್ಚ್

ಜಿದ್ದಾದ ಆ ಶಿಪ್ಪಿಂಗ್ ಕಚೇರಿಯ ಅಷ್ಟೂ ಜನ ಲೆಸ್ಟರ್‌ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಮ್ಯಾನೇಜರ್ ಖಾಲಿದ್‌ರ ಕೆಮ್ಮಾಗಲಿ, ರಿಯಾದ್‌ನಲ್ಲಿ ಕೂತು ಎಲ್ಲರ ರಜೆ ನೋಡಿಕೊಳ್ಳುವ ಇಕ್ರಾಮುಲ್ಲಾರ ‘ಜೀ ಸಾಬ್’ ಆಗಲಿ, ಅಣಕಿಸು ಎಂದ ತಕ್ಷಣ ಹೊರಬರುತ್ತಿತ್ತು. ಇತಿಹಾಸದಲ್ಲಿ ಬಿ.ಎ. ಮಾಡಿದ್ದರಿಂದ ಸತ್ತವರನ್ನೂ ಅವನು ಬಿಡುತ್ತಿರಲಿಲ್ಲ.

ಪಕ್ಕದ ಮೇಜಿನ ರಫೀಕನ ಹೆಂಡತಿ ಮಿಸ್ರಿಯಾಳಿಗೆ ಪುತ್ತೂರಿನಲ್ಲಿ ಮಾರ್ಚ್ ಹದಿನಾರಕ್ಕೆ ಸಿಸೇರಿಯನ್ ನಿಗದಿಯಾಗಿತ್ತು. ಮೊದಲ ಮಗು ಉಳಿದಿರಲಿಲ್ಲ. ಈ ಸಲ ಆಪರೇಷನ್ ಕೋಣೆಯ ಬಾಗಿಲಲ್ಲಿ ತಾನಿರಲೇಬೇಕೆಂದು ರಫೀಕ್ ಹದಿನೈದಕ್ಕೆ ಟಿಕೆಟ್ ಮಾಡಿಸಿದ್ದ. ಖಾಲಿದ್ ಬಾಯಿಮಾತಿನಲ್ಲಿ ಒಪ್ಪಿದ್ದರು.

ಹದಿನೈದು ಎಂದದ್ದೇ ಲೆಸ್ಟರ್‌ನ ನಾಲಿಗೆ ತುರಿಸಿತು. ರೋಮನ್ನರು ಆ ದಿನವನ್ನು ‘ಐಡ್ಸ್ ಆಫ್ ಮಾರ್ಚ್’ ಎನ್ನುತ್ತಿದ್ದರು, ಸೀಸರನನ್ನು ಅವನ ಸ್ನೇಹಿತರೇ ಸೇರಿ ಇರಿದದ್ದು ಅಂದೇ, ಎರಡು ಸಾವಿರ ವರ್ಷ ಕಳೆದರೂ ಓದಿಕೊಂಡವರು ಆ ತಾರೀಕು ಬಂದರೆ ಬೆನ್ನು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದೆಲ್ಲ ವಿವರಿಸಿದ.

“ಸೀಸರ್ ಹೋದ ದಿನ ನೀನು ಹೋಗುದು, ಮರುದಿನ ಸಿಸೇರಿಯನ್. ಎಂಥ ಜೋಡಿ ನೋಡು ಮಾರಾಯ.”

“ನಿನ್ನ ಸೀಸರ್ ಸತ್ತಾಯ್ತಲ್ಲ. ನನಗೆ ಬದುಕುವವರದ್ದು ಚಿಂತೆ,” ಎಂದ ರಫೀಕ್.

ಅಷ್ಟರಲ್ಲಿ ಖಾಲಿದ್‌ರ ಗಾಜಿನ ಕೋಣೆಯಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಅವರು ನಮಾಜಿಗೆ ಹೋಗಿದ್ದರು. ಲೆಸ್ಟರ್ ಒಳಹೊಕ್ಕು ಎತ್ತಿ ಅವರ ಕೆಮ್ಮು ಕೆಮ್ಮಿದ. ರಫೀಕನ ರಜೆ ಎಂದಿನಿಂದ ಎಂದು ಆಚೆಯಿಂದ ಇಕ್ರಾಮುಲ್ಲಾ ಕೇಳಿದರು. ಲೆಸ್ಟರ್ ರಫೀಕನಿಗೆ ಕಣ್ಣು ಹೊಡೆದು, ಖಾಲಿದ್‌ರ ದಪ್ಪ ಅರಬ್ಬೀ ಉಚ್ಚಾರದಲ್ಲಿ “ಈದ್ಸ್ ಆಫ್ ಮಾರ್ಚ್” ಎಂದು ಫೋನಿಟ್ಟ. ಆ ಗಂಟಲಲ್ಲಿ ಐಡ್ಸ್ ಈದ್ಸ್ ಆದದ್ದು ಅವನಿಗೆ ಕಲೆಯಾಗಿಯೇ ಕಂಡಿತು.

ಆಗ ರಂಜಾನ್. ಈದ್ ಬರುವುದೂ ಮಾರ್ಚ್‌ನಲ್ಲೇ, ಇಪ್ಪತ್ತರ ಸುಮಾರಿಗೆ. ಇಕ್ರಾಮುಲ್ಲಾ ಕೇಳಿಸಿಕೊಂಡದ್ದು ಅದನ್ನೇ. ರಫೀಕನಿಗೆ ಈದ್‌ನಿಂದ ರಜೆ ಬಂತು. ಅದಕ್ಕೂ ಮೊದಲು ದೇಶ ಬಿಡಲು ಅನುಮತಿಯಿಲ್ಲ. ಅವನು ಫೋನ್ ಮಾಡಿ ಗೋಗರೆದರೆ, ಸಾಬ್ ತಮ್ಮ ಬಾಯಿಂದಲೇ ಹೇಳಿದ್ದಾರೆ, ಬದಲಿಸುವುದಾದರೆ ಅದೇ ಮೇಜಿನಿಂದ ಸಾಬೇ ಹೇಳಬೇಕು ಎಂದರು ಇಕ್ರಾಮುಲ್ಲಾ. ರಜೆ ಹೋಗಿ ಸಜೆಯಾಯಿತು. ಲೆಸ್ಟರ್ ಇನ್ನೊಮ್ಮೆ ಆ ಸ್ವರ ತೆಗೆಯೋಣವೆಂದರೆ ಖಾಲಿದ್ ಕೋಣೆ ಬಿಟ್ಟು ಹೊರಬರಲಿಲ್ಲ, ನಮಾಜನ್ನೂ ಅಲ್ಲೇ ಮುಗಿಸಿದರು.

“ನಾನು ಹೋಗಿ ಹೇಳಿದ್ರೆ ನಿನ್ನ ಕೆಲಸ ಹೋಗ್ತದೆ. ಹೇಳದಿದ್ರೆ ನಾನು ಇಲ್ಲೇ ಬಾಕಿ,” ಎಂದ ರಫೀಕ್. “ಎಂತ ಮಾಡುದು, ನೀನೇ ಹೇಳು.”

ಲೆಸ್ಟರ್ ಒಳಗೆ ಹೋಗಿ, ತನ್ನದೇ ಸಣ್ಣ ಸ್ವರದಲ್ಲಿ ಎಲ್ಲ ಹೇಳಿದ. ಖಾಲಿದ್ ಬೈಯಲಿಲ್ಲ. ಫೋನನ್ನು ಅವನತ್ತ ತಳ್ಳಿ, ನನ್ನ ಹಾಗೇ ಮಾತಾಡಿ ಸರಿಮಾಡು ಎಂದರು.

ಗಾಜಿನ ಬಾಗಿಲಾಚೆ ರಫೀಕ್ ನಿಂತಿದ್ದ. ಲೆಸ್ಟರ್ ಕೆಮ್ಮಿ, ಈದ್ ಅಲ್ಲ, ಹದಿನೈದು ಎಂದ. ಇಕ್ರಾಮುಲ್ಲಾ ಅಲ್ಲೇ ಬದಲಿಸಿದರು. ಫೋನಿಡಲು ಹೊರಟರೆ ಖಾಲಿದ್ ಅವನ ಕೈ ಹಿಡಿದು ಪಿಸುಗುಟ್ಟಿದರು: ಈಸ್ಟರ್‌ಗೆ ಲೆಸ್ಟರ್ ಕೇಳಿದ ರಜೆ ರದ್ದು, ಅದನ್ನೂ ಹೇಳು.

ಊರಲ್ಲಿ ಅವನ ಹೆಂಡತಿ ಜೀನಾ ಅವನು ಬರುತ್ತಾನೆಂದು ಆಗಲೇ ಮನೆಗೆ ಸುಣ್ಣ ಹೊಡೆಸಿದ್ದಳು. ಆದರೆ ಹೇಳುವುದಿಲ್ಲವೆಂದರೆ ರಫೀಕನ ಹದಿನೈದು ಇದೇ ಫೋನಿನಲ್ಲಿ ಮತ್ತೆ ಈದ್ ಆಗಬಹುದಿತ್ತು. ಲೆಸ್ಟರ್ ಹೇಳಿದ.

“ಪಾಪ ಸಾಬ್, ಲೆಸ್ಟರ್ ಊರಿಗೆ ಹೋಗದೆ ಎರಡು ವರ್ಷವಾಯಿತು,” ಎಂದರು ಇಕ್ರಾಮುಲ್ಲಾ. “ಇನ್ನೊಮ್ಮೆ ಯೋಚಿಸಿ.”

ಲೆಸ್ಟರ್ ಖಾಲಿದ್‌ರ ಮುಖ ನೋಡಿದ. ಅವರು ಮತ್ತೆ ಫೋನಿನತ್ತಲೇ ಬೆರಳು ತೋರಿದರು.

“ಯೋಚಿಸಿಯೇ ಹೇಳುತ್ತಿದ್ದೇನೆ,” ಎಂದ, ಅದೇ ದಪ್ಪ ಸ್ವರದಲ್ಲಿ.