ಹೆಬ್ಬೆಟ್ಟಿನ ಹಾಜರಿ

"ಬೇವರ್ಸಿ, ಕಲ್ಲಿನ ಮೇಲೆ ಉಗೀಬೇಡ. ಪಾಲಿಶ್ ಹೋದ್ರೆ ನಿಮ್ಮಪ್ಪ ಬಂದು ಉಜ್ತಾನಾ?" ಮೇಸ್ತ್ರಿ ಬೈದ.

ಕಲ್ಲು ಉಜ್ಜುವ ಚಕ್ರದ ಮುಂದೆ ಕೂತವನು ಕೆಮ್ಮು ನಿಲ್ಲದೆ ಬಾಗಿದ್ದ. ಅವನ ಹೆಂಡತಿ ಕಲ್ಲುಪುಡಿಯ ಬುಟ್ಟಿ ಇಳಿಸಿ, ತಲೆಗೆ ಸುತ್ತಿದ್ದ ಬಟ್ಟೆಯಿಂದ ಎಂಜಲು ಒರೆಸಿದಳು. ಅದರಲ್ಲಿ ರಕ್ತವಿತ್ತು. ಕಸ ಗುಡಿಸುವ ಅಕ್ಕ ತನ್ನ ನೀರಿನ ಬಾಟಲಿಯನ್ನು ಅವನ ಕಾಲ ಬಳಿ ಇಟ್ಟು ಹೋದಳು.

ಮಧ್ಯಾಹ್ನ ಕೆಲಸದವರ ಮೊಬೈಲ್ ಗುಂಪಿಗೆ ಧಣಿ ಕಳಿಸಿದ ವಿಡಿಯೋ ಬಂತು. ಬಿಳಿ ಕೋಟಿನವನೊಬ್ಬ, ಕಲ್ಲುಪುಡಿ ಹೊಟ್ಟೆಗೆ ಇಳಿಯುತ್ತದೆಯೇ ಹೊರತು ಎದೆಗಲ್ಲ, ಬೆಳಿಗ್ಗೆ ಉಪ್ಪುನೀರು ಕುಡಿದರೆ ಹೋಗಿಬಿಡುತ್ತದೆ, ಆಸ್ಪತ್ರೆಯವರು ಸುಮ್ಮನೆ ಹೆದರಿಸುತ್ತಾರೆ ಎಂದು ನಗುನಗುತ್ತ ಹೇಳಿದ. ಅವನು ಯಾರು, ಎಲ್ಲಿಯವನು ಎಂಬುದು ಅದರಲ್ಲಿ ಇರಲಿಲ್ಲ. ಧಣಿ ಗುಂಪಿಗೆ ಏನೇ ಕಳಿಸಲಿ, ಸಂಜೆಯೊಳಗೆ ಅದರ ಕೆಳಗೆ ಹೆಬ್ಬೆಟ್ಟಿನ ಚಿತ್ರ ಒತ್ತಬೇಕು. ಒತ್ತದವರಿಗೆ ಮರುದಿನ ಗೇಟು ತೆರೆಯುವುದಿಲ್ಲ. ಹೆಂಡತಿ ಬುಟ್ಟಿ ಹೊತ್ತುಕೊಂಡೇ, ವಿಡಿಯೋ ನೋಡದೆ ಒತ್ತಿದಳು.

ನಾಳೆ ಆಸ್ಪತ್ರೆಗೆ ಹೋಗೋಣ ಎಂದು ಮನೆಯಲ್ಲಿ ಅವಳು ಹೇಳಿದಾಗ ಗಂಡ ಮೊಬೈಲು ಮುಂದೆ ಹಿಡಿದ.

"ನೋಡು, ಎಲ್ರೂ ಒತ್ತಿದ್ದಾರೆ. ಅಕ್ಕನೂ ಒತ್ತಿದ್ದಾಳೆ. ಗಂಡನ್ನ ಇದೇ ಕೆಮ್ಮಿಗೆ ಕಳ್ಕೊಂಡೋಳು, ಸುಳ್ಳಾಗಿದ್ರೆ ಒತ್ತುತ್ತಿದ್ಲಾ?"

"ಅದು ಹಾಜರಿ ಕಣಯ್ಯ. ನಾನು ನೋಡೇ ಇಲ್ಲ, ಒತ್ತಿದೆ."

ಅವನು ಮೊಬೈಲು ಕೆಳಗಿಟ್ಟ.

"ನಾನು ನಂಬಿ ಒತ್ತಿದೆ ಕಣೇ."

ಬೆಳಿಗ್ಗೆ ಉಪ್ಪುನೀರು ಕುಡಿದೇ ಕೆಲಸಕ್ಕೆ ಹೊರಟ.

ಅವನು ಒಳಗೆ ಹೋಗುವವರೆಗೆ ಅವಳು ಗೇಟಿನ ಬಳಿ ಹಿಂದುಳಿದಳು. ಆಮೇಲೆ ಮೊಬೈಲು ಬಾಯಿಯ ಹತ್ತಿರ ಹಿಡಿದು ಗುಂಪಿಗೆ ಮಾತಾಡಿ ಕಳಿಸಿದಳು: "ಆ ವಿಡಿಯೋಗೆ ನಾನು ನೋಡದೆ ಒತ್ತಿದ್ದು. ನನ್ನ ಗಂಡ ರಕ್ತ ಕಾರ್ತಿದ್ದಾನೆ. ಆ ಕೋಟಿನೋನು ಯಾರು ಅಂತ ಧಣಿ ಹೇಳ್ಲಿ."

ಶೆಡ್ಡಿನೊಳಗೆ ಒಂದೊಂದೇ ಮೊಬೈಲಿನಿಂದ ಅವಳ ದನಿ ಕೇಳಿಸಿತು. ಮೇಸ್ತ್ರಿ ಓಡಿಬಂದು ಅವಳನ್ನು ಹೊರಗೇ ಬಿಟ್ಟು ಗೇಟು ಎಳೆದು ಮುಚ್ಚಿದ.

"ಮೊಬೈಲು ಹಿಡಿಯೋಕೆ ಮೊನ್ನೆ ಕಲಿತ್ಲು, ಇವತ್ತು ಡಾಕ್ಟ್ರಾಗಿದ್ದಾಳೆ, ಸೂಳೆಮುಂಡೆ."

ಗುಂಪಿನಿಂದ ಅವಳನ್ನು ತೆಗೆಯಲಿಲ್ಲ. ನೋಡಲಿ ಎಂದೇ ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಧಣಿಯ ಮಾತು ಬಂತು: ಆ ಹೆಂಗಸು ಹೇಳಿದ್ದು ಸುಳ್ಳು, ಯಾರೂ ನಂಬಬಾರದು. ಕೆಳಗೆ ಹೆಬ್ಬೆಟ್ಟುಗಳು ಬೀಳತೊಡಗಿದವು. ಅಕ್ಕ ಗೇಟಿನ ಸರಳುಗಳ ನಡುವಿನಿಂದ ತನ್ನ ತಲೆಬಟ್ಟೆ ತೂರಿಸಿ, ಬಿಸಿಲಿದೆ, ಹೊದ್ದುಕೋ ಎಂದಳು. ಆಮೇಲೆ ಅಲ್ಲೇ ನಿಂತು, ಮುಖ ತಿರುಗಿಸಿ, ತಾನೂ ಒತ್ತಿದಳು.

ಗೇಟಿನ ಹೊರಗೆ ಅವಳು ಮೊಬೈಲಿನ ಪರದೆ ಆರದಂತೆ ಬೆರಳಾಡಿಸುತ್ತ ನೆಲದ ಮೇಲೆ ಕೂತಳು. ಒಳಗೆ ಒಂದು ಚಕ್ರ ಇನ್ನೂ ಶುರುವಾಗಿರಲಿಲ್ಲ. ಮೇಸ್ತ್ರಿ ಯಾರನ್ನೋ ಗದರುತ್ತಿದ್ದ. ಕೆಮ್ಮು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು.

ಆಮೇಲೆ ಗಂಡನ ಹೆಬ್ಬೆಟ್ಟು ಬಂತು. ಚಕ್ರ ತಿರುಗಿತು.